ನಾನು ಬೀಳದ ತೆಂಗಿನ ಮರ

ನನ್ನ ಎಡಗಾಲು ಬಲಗಾಲಿಗಿಂತ ಒಂದೂವರೆ ಇಂಚು ಗಿಡ್ಡ. ತೊಡೆಯೊಳಗೆ ಒಂದು ಸ್ಟೀಲಿನ ಸರಳು ಇದೆ, ಕೊರಳ ಕೆಳಗಿನ ಎಲುಬಿಗೆ ಒಂದು ಪಟ್ಟಿ ಮತ್ತು ಐದು ಸ್ಕ್ರೂ. ಪಾದದ ಗಂಟು ಮಡಚುವುದಿಲ್ಲ. ಕುತ್ತಿಗೆ ಎಡಕ್ಕೆ ತಿರುಗುತ್ತದೆ, ಬಲಕ್ಕೆ ತಿರುಗುವುದಿಲ್ಲ. ಬಲಗಡೆಯಿಂದ ಯಾರಾದರೂ ಕರೆದರೆ ನಾನು ಇಡೀ ಮೈಯನ್ನೇ ತಿರುಗಿಸಿ ನೆಟ್ಟಗೆ ನಿಲ್ಲಬೇಕು. ಬೀಡಿಗೆ ಬೆಂಕಿ ಕೇಳಲು ಕರೆದವರು ಇಷ್ಟು ಮರ್ಯಾದೆ ಯಾಕಪ್ಪ ಎಂದು ಗಾಬರಿಯಾಗುತ್ತಾರೆ. ಇದೆಲ್ಲ ಹೇಗಾಯಿತು ಎಂದು ಕುಂಭಾಶಿಯಿಂದ ಬ್ರಹ್ಮಾವರದ ತನಕ ಯಾರನ್ನು ಕೇಳಿದರೂ ಒಂದೇ ಉತ್ತರ: ತೆಂಗಿನ ಮರದಿಂದ ಬಿದ್ದದ್ದು. ನಮ್ಮ ಅಂಗಳದ ಮೂಲೆಯ ಮರವನ್ನೂ ಕೈಮಾಡಿ ತೋರಿಸುತ್ತಿದ್ದರು. ಆ ಮರವನ್ನು ನಾನು ಜೀವಮಾನದಲ್ಲಿ ಒಂದು ಸಲವೂ ಹತ್ತಿದವನಲ್ಲ.

ನಾನು ಬಿದ್ದದ್ದು ಬೈಂದೂರಿನ ಒತ್ತಿನೆಣೆ ಗುಡ್ಡದಲ್ಲಿ, ಆಕಾಶದಿಂದ. ತೊಂಬತ್ತೇಳನೇ ಇಸವಿಯ ಕೊನೆ ಅದು. ಆಗ ನಾನು ಮುಂಬೈಯಲ್ಲಿ ನೆಂಟರೊಬ್ಬರ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂರುತ್ತಿದ್ದೆ. ದಿನಾ ಬೆಳಿಗ್ಗೆ ಬಂದು ಎರಡು ಪ್ಲೇಟ್ ಇಡ್ಲಿ ತಿನ್ನುತ್ತಿದ್ದ ಗಿರಾಕಿಯೊಬ್ಬನಿಗೆ ಹ್ಯಾಂಗ್ ಗ್ಲೈಡರಿನ ಹುಚ್ಚು. ಅದಕ್ಕೆ ಇಂಜಿನ್ ಇಲ್ಲ, ಸೀಟಿಲ್ಲ. ಮೂರು ಮೂಲೆಯ ದೊಡ್ಡ ಬಟ್ಟೆಯ ರೆಕ್ಕೆ, ಅದರಡಿ ಹಿಡಿದುಕೊಳ್ಳಲು ಒಂದು ಸರಳು, ಮನುಷ್ಯ ಹೊಟ್ಟೆ ಕೆಳಗಾಗಿ ನೇತಾಡಬೇಕು. ಗುಡ್ಡದ ತುದಿಯಿಂದ ಓಡಿ ಹಾರಿದರೆ ಗಾಳಿ ಎತ್ತಿಕೊಳ್ಳುತ್ತದೆ ಎಂದು ಅವನು ಚಟ್ನಿ ಬೆರಳಿನಿಂದ ಟೇಬಲ್ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದ. ನಮ್ಮೂರ ಹತ್ತಿರ ಕೆಂಪು ಕಲ್ಲಿನ ಬೋಳು ಗುಡ್ಡ ಇದೆ, ಕೆಳಗೆ ಸೀದಾ ಸಮುದ್ರ ಎಂದೆ. ನನ್ನ ಬಾಯಿ ಸುಮ್ಮನಿದ್ದಿದ್ದರೆ ಇವತ್ತು ಎರಡೂ ಕಾಲು ಸಮ ಇರುತ್ತಿತ್ತು.

ನಾನು ರಜೆಗೆ ಊರಿಗೆ ಬಂದ ವಾರದಲ್ಲೇ ಅವನು ಜೀಪಿನ ಮೇಲೆ ಅದನ್ನು ಕಟ್ಟಿಕೊಂಡು ಬೈಂದೂರಿಗೆ ಬಂದ. ಮನೆಯಲ್ಲಿ ಮುಂಬೈಯ ಸೇಠ್ ಒಬ್ಬರಿಗೆ ಊರು ತೋರಿಸುತ್ತೇನೆ ಎಂದು ಹೇಳಿ ನಾನೂ ಹೋದೆ. ಒಂದು ವಾರ ಸಣ್ಣ ಇಳಿಜಾರಿನಲ್ಲಿ ರೆಕ್ಕೆ ಹೊತ್ತು ಓಡಿ ಓಡಿ ಕಲಿತೆ. ಎಂಟನೇ ದಿನ ಮಧ್ಯಾಹ್ನ ಸಮುದ್ರದ ಗಾಳಿ ಹತ್ತಿದ ಹೊತ್ತಿಗೆ ಗುಡ್ಡದ ತುದಿಯಿಂದ ಹಾರಿದೆ. ನಿಜವಾಗಿ ಹಾರಿದೆ ಮರಾಯ್ರೆ! ಎರಡು ನಿಮಿಷ ಇರಬಹುದು. ಕೆಳಗೆ ಮೀನು ಒಣಗಿಸುತ್ತಿದ್ದ ಹೆಂಗಸರು ತಲೆ ಎತ್ತಿ ನೋಡಿದರು. ಒಬ್ಬಳು ಕಾಗೆ ಓಡಿಸುವ ಕೋಲನ್ನು ನನ್ನ ಕಡೆಗೂ ಬೀಸಿದಳು. ಅವಳನ್ನು ನೋಡಿ ನಗುತ್ತ ತಿರುವಲು ಹೋದೆ, ಗಾಳಿ ಕೈಬಿಟ್ಟಿತು. ತೆಂಗಿನ ಮರಕ್ಕಿಂತ ಎಷ್ಟೋ ಎತ್ತರದಿಂದ ಕಲ್ಲಿನ ಮೇಲೆ ಬಿದ್ದೆ. ಬೀಳುವಾಗ ಬೊಬ್ಬೆ ಹೊಡೆದೆ. 'ಅಬ್ಬೀ' ಎಂದು ಅಮ್ಮನನ್ನು ಕರೆದು, ಗಂಟಲು ಹರಿಯುವ ಹಾಗೆ, ನೆಲ ಮುಟ್ಟುವ ತನಕ ಬೊಬ್ಬೆ. ಅಷ್ಟು ಹೆದರಿಕೆ ನನಗೆ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ಮೀನಿನ ಟೆಂಪೋದಲ್ಲಿ ಐಸಿನ ಪೆಟ್ಟಿಗೆಗಳ ಮೇಲೆ ಮಲಗಿಸಿ ಕುಂದಾಪುರದ ಆಸ್ಪತ್ರೆಗೆ ತಂದರು. ಮುಂಬೈಯವನು ಎರಡು ದಿನ ತಲೆ ಮೇಲೆ ಕೈಹೊತ್ತು ಕೂತು, ಆಮೇಲೆ ಮುರಿದ ರೆಕ್ಕೆಯನ್ನು ಜೀಪಿಗೆ ತುಂಬಿಕೊಂಡು ಹೋದ. ನನಗೆ ಸರಿಯಾಗಿ ಎಚ್ಚರ ಬರುವಷ್ಟರಲ್ಲಿ ಅಪ್ಪಯ್ಯ ನೋಡಲು ಬಂದ ನೆಂಟರಿಗೆಲ್ಲ ಕಥೆ ಹೇಳಿ ಮುಗಿಸಿದ್ದರು. ಅಂಗಳದ ಮೂಲೆಯ ಮರ, ಎಳನೀರು ಕೊಯ್ಯಲು ಹತ್ತಿದ್ದ, ಕೈಜಾರಿತು.

"ಎಂತಕ್ ಹಾಂಗ್ ಹೇಳಿದ್ರಿ ಅಪ್ಪಯ್ಯ?" ಎಂದು ಕೇಳಿದೆ.

"ಮತ್ತೆ ಎಂತ ಹೇಳುದ್? ಮಗ ದೊಡ್ಡ ಕೊಡೆ ಕಟ್ಕಂಡ್ ಗುಡ್ಡಿಂದ ಹಾರ್ದ ಅಂತ ಹೇಳುದಾ? ಮಂಡೆ ಸಮ ಇಲ್ಲೆ ಅಂತ್ರ್. ನಾಳೆ ಹೆಣ್ಣ್ ಯಾರ್ ಕೊಡ್ತ್ರ್? ಮರದಿಂದ ಬಿದ್ರೆ ಮರ್ಯಾದಿ ಇತ್ತ್."

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ತೆಂಗಿನ ಮರದಿಂದ ಬಿದ್ದವನನ್ನು ಯಾರೂ ನಗಾಡುವುದಿಲ್ಲ. ಅವನು ಕೆಲಸ ಮಾಡುವಾಗ ಬಿದ್ದವನು. ಎರಡು ತಿಂಗಳ ಮೇಲೆ ನಾನು ಊರುಗೋಲಿನಲ್ಲಿ ಮನೆಗೆ ಬಂದಾಗ ಬಲಬದಿ ಮನೆಯ ಯಜಮಾನರು ಬೇಲಿ ದಾಟಿ ಬಂದು ನನ್ನೆದುರೇ ನೆಂಟರಿಗೆ ವಿವರಿಸಿದರು: "ನಾನೇ ಕಂಡದ್ದ್ ಕಾಣಿ. ದಡಾರ್ ಅಂತ ಬಿತ್ತ್. ಮೊದ್ಲ್ ತೆಂಗಿನ್ಕಾಯ್ ಅಂದ್ಕಂಡೆ. ಬಂದ್ ಕಂಡ್ರೆ ಇವ!" ಅವರೇ ನನ್ನನ್ನು ಎತ್ತಿ ನೀರು ಕುಡಿಸಿದರಂತೆ. ಅವರ ತಮ್ಮ ಕಾಲು ಹಿಡಿದರಂತೆ. ನಾನು ಅಪ್ಪಯ್ಯನ ಮುಖ ನೋಡಿದೆ. ಅವರು ಯಜಮಾನರಿಗೆ ಕೈಮುಗಿದು, "ನೀವ್ ಇಲ್ದಿದ್ರೆ ಇವ ಉಳಿತಿರ್ಲಿಲ್ಲೆ" ಎಂದರು.

ಹೆಣ್ಣು ಹಾಲಾಡಿ ಕಡೆಯದು. ನೋಡಲು ಹೋದ ದಿನ ನನ್ನ ಎಡ ಚಪ್ಪಲಿಯ ಅಡಿಗೆ ಹೊಲಿಸಿಕೊಂಡ ಟಯರಿನ ಹಿಮ್ಮಡಿ ಅವರ ಜಗಲಿಯಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಅವಳ ಸೋದರಮಾವ ಮೆಲ್ಲಗೆ ವಿಷಯ ಹೇಳಿದರು. ಅವಳ ತಂದೆ ತೀರಿಹೋದದ್ದು ತೆಂಗಿನ ಮರದಿಂದ ಬಿದ್ದು. ಮರ ಹತ್ತುವವ ಬಾರದ ದಿನ ತಾವೇ ಹತ್ತಿದ್ದರು. ಆಗ ಅವಳಿಗೆ ಹದಿನಾರು. ಬಂದ ಎರಡು ಒಳ್ಳೆ ಸಂಬಂಧಗಳನ್ನು ಬೇಡ ಎಂದವಳು, ಮರದಿಂದ ಬಿದ್ದು ಉಳಿದ ಗಂಡು ಎಂದು ಕೇಳಿ ನನ್ನನ್ನು ನೋಡಲು ಒಪ್ಪಿದ್ದಳು.

ಹಿಂದಿನ ಜಗಲಿಯಲ್ಲಿ ನಮ್ಮಿಬ್ಬರನ್ನೇ ಬಿಟ್ಟಾಗ ಅವಳು ಸಂಬಳ ಕೇಳಲಿಲ್ಲ, ಮುಂಬೈಯ ಮನೆ ಕೇಳಲಿಲ್ಲ. "ಬೀಳೋತ್ತಿಗೆ ಹೆದ್ರಿಕಿ ಆತ್ತಾ?" ಎಂದು ಕೇಳಿದಳು.

ಕೇಳಿದ್ದು ನನ್ನ ಬಗ್ಗೆ ಅಲ್ಲ ಎಂದು ಗೊತ್ತಾಗದಷ್ಟು ದಡ್ಡ ನಾನಲ್ಲ. "ಇಲ್ಲೆ," ಎಂದೆ. "ಎಂತದೂ ಗೊತ್ತೇ ಆತ್ತಿಲ್ಲೆ. ಒಂಚೂರ್ ಗಾಳಿ, ಅಷ್ಟೇ. ಬೊಬ್ಬೆ ಹೊಡುಕೂ ಬಾಯಿ ಬತ್ತಿಲ್ಲೆ."

ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮದುವೆ ಆಯಿತು.

ಆಮೇಲೆ ಆ ಮಾತಿನ ಮೇಲೆಯೇ ಅವಳ ಸಂಸಾರ ನಿಂತ ಹಾಗಾಯಿತು. ವರ್ಷಕ್ಕೊಮ್ಮೆ ತಂದೆಯ ತಿಥಿಯ ದಿನ ಎಡೆ ಬಡಿಸಿ, "ಅಪ್ಪಯ್ಯಂಗೆ ಎಂತದೂ ಗೊತ್ತಾಯ್ಲಿಲ್ಲೆ, ಅಲ್ದಾ?" ಎನ್ನುವಳು. ನಾನು ಹೌದು ಎನ್ನಬೇಕು. ಸುತ್ತಮುತ್ತ ಎಲ್ಲಿ ಯಾರು ಮರದಿಂದ ಬಿದ್ದು ಸತ್ತರೂ ನನ್ನನ್ನು ಹೊರಡಿಸಿಕೊಂಡು ಅಲ್ಲಿಗೆ ಹೋಗುವಳು. ಅಳುತ್ತಿದ್ದ ಹೆಂಗಸರ ಮುಂದೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಹೇಳಿ ನೀವೇ" ಎನ್ನುವಳು. ನಾನು ಗಾಳಿ, ಅಷ್ಟೇ, ಎನ್ನುವೆ. ಅವರು ಕಣ್ಣೊರೆಸಿಕೊಂಡು ನನಗೆ ಚಾ ಕೊಡುವರು. ಒಂದು ದಿನವಾದರೂ ನಿಜ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದೆ. ಮನೆ ಮುಟ್ಟುವಾಗ ಅವಳ ಮುಖ ನೋಡಿ ಸುಮ್ಮನಾಗುತ್ತಿದ್ದೆ.

ಕಾಲು ಮಾತ್ರ ಸುಮ್ಮನಿರಲಿಲ್ಲ. ನೆಲದಲ್ಲಿ ಎಲೆ ಹಾಕಿ ಬಡಿಸುವ ಊಟಗಳಲ್ಲಿ ಚಕ್ಕಳಮಕ್ಕಳ ಹಾಕಲಾಗದೆ ಎಡಗಾಲನ್ನು ಪಂಕ್ತಿಯ ನಡುವೆ ಚಾಚಿ ಕೂರುತ್ತಿದ್ದೆ. ಬಡಿಸುವವರು ಸಾರು, ಪಾಯಸದ ಬಾಲ್ದಿ ಹಿಡಿದು ಅದನ್ನು ಹಾರಿ ದಾಟಬೇಕು. ಒಬ್ಬ ಹಾರಲಾರದೆ ನನ್ನ ಕಾಲಿಗೇ ಹುಳಿ ಬಡಿಸಿ ಹೋದ. ಮುಂಬೈಯ ಗಲ್ಲೆಯಲ್ಲಿ ಹೊತ್ತುಗಟ್ಟಲೆ ಕೂರಲಾಗದೆ ಊರಿಗೇ ಬಂದು ಹೆದ್ದಾರಿ ಬದಿಯಲ್ಲಿ ಸಣ್ಣ ಕ್ಯಾಂಟೀನ್ ಇಟ್ಟೆ. ಮದುವೆಯಾದ ಮೂರನೇ ವರ್ಷ ತೊಡೆ ಕೀವಾಗಿ ಇನ್ನೊಂದು ಆಪರೇಷನ್ ಆಯಿತು. ಆಗಲೇ ಅಪ್ಪಯ್ಯ ಯಾರದೋ ಮಾತು ಕೇಳಿ ಕೊಕ್ಕರ್ಣೆ ಕಡೆಯ ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದು.

ಜೋಯಿಸರು ಕವಡೆ ಸರಿಸಿದರು, ಎಣಿಸಿದರು, ಕಣ್ಣು ಮುಚ್ಚಿದರು. ಆಕಾಶ ಗೀಕಾಶ ಕಂಡುಬಿಟ್ಟೀತು ಎಂದು ನಾನು ಬೆವರಿದೆ. ಕಂಡದ್ದು ಮರವೇ. "ಆ ಮರದಗೆ ಒಂದು ಶಕ್ತಿ ಇತ್ತ್," ಎಂದರು. "ಬೀಳ್ಸಿದ್ದಲ್ಲ, ಹಿಡ್ಕಂಡದ್ದ್. ಇಲ್ದಿದ್ರೆ ನೀವ್ ಇವತ್ತ್ ಇಲ್ಲಿ ಕೂಕಂತಿರ್ಲಿಲ್ಲೆ. ಬುಡದಗೆ ಕಲ್ಲ್ ಹಾಕಿ, ವರ್ಷಕ್ಕೊಂದ್ ತಂಬಿಲ ಕೊಡಿ." ಅಪ್ಪಯ್ಯ ಭಕ್ತಿಯಿಂದ ತಲೆಯಾಡಿಸಿದರು. ಹೊರಗೆ ಬಂದ ಮೇಲೆ ನಾನು, ಅಪ್ಪಯ್ಯ, ಕಥೆ ಕಟ್ಟಿದ್ದು ನೀವೇ ಅಲ್ಲವಾ ಎಂದೆ. ಅವರು ಸಿಟ್ಟಾದರು. "ನಾನ್ ಕಟ್ಟಿದ್ದಾದ್ರೂ ಜೋಯಿಸ್ರಿಗೆ ಹ್ಯಾಂಗ್ ಕಂಡ್ತ್? ಎಂತದೋ ಇತ್ತ್!"

ಹಾಗೆ ನಾನು ವರ್ಷ ವರ್ಷ ನಾನು ಬೀಳದ ಮರಕ್ಕೆ ತಂಬಿಲವೆಂದು ಎಳನೀರು, ಅವಲಕ್ಕಿ, ಬಾಳೆಹಣ್ಣು ಇಟ್ಟು, ನನ್ನನ್ನು ಹಿಡಿದುಕೊಂಡದ್ದಕ್ಕೆ ಅಡ್ಡಬೀಳುವವನಾದೆ. ಅಡ್ಡಬೀಳುವುದೂ ಸುಲಭವಲ್ಲ. ಪಾದದ ಗಂಟು ಮಡಚದ ಕಾರಣ ಒಮ್ಮೆಲೇ ಬಿದ್ದು ಮೂಗು ಮಣ್ಣಿಗೆ ಒತ್ತುತ್ತಿತ್ತು, ಇಬ್ಬರು ಬಂದು ಎಬ್ಬಿಸಬೇಕಿತ್ತು. ಶಕ್ತಿ ಇರುವ ಮರವನ್ನು ಹತ್ತುವ ಧೈರ್ಯ ಯಾರಿಗೂ ಇಲ್ಲದೆ ಕಾಯಿ ಕೊಯ್ಯುವುದು ನಿಂತಿತು. ಕೊಯ್ಯದ ಮೇಲೆ ಒಣಗಿದ ಕಾಯಿ ತಾನಾಗಿ ಬೀಳದೆ ಇರುತ್ತದೆಯೇ? ಒಂದು ಬಲಬದಿ ಮನೆಯ ಯಜಮಾನರ ಹೆಗಲಿಗೇ ಬಿತ್ತು. ಅವರು ಒಂದು ತಿಂಗಳು ಕೈಯನ್ನು ಕೊರಳಿಗೆ ನೇತುಹಾಕಿಕೊಂಡು ಊರೆಲ್ಲ ತಿರುಗಿ, "ಇವನ್ನ ಮುಟ್ಟಿ ಎತ್ತಿದ್ದಲ್ದಾ, ಆ ಶಕ್ತಿಗೆ ನನ್ ಗುರ್ತ ಇತ್ತ್" ಎಂದು ಹೆಮ್ಮೆಪಟ್ಟರು. ಆ ಮೇಲೆ ಮರದಿಂದ ಬಿದ್ದವರು, ಮಾಡಿನಿಂದ ಬಿದ್ದವರು, ಸ್ಕೂಟರಿನಿಂದ ಬಿದ್ದವರು ಕೂಡ ಕಲ್ಲಿಗೆ ಕೈಮುಗಿಯಲು ಬರತೊಡಗಿದರು. ನಾನು ಅವರಿಗೆಲ್ಲ ಟಯರಿನ ಹಿಮ್ಮಡಿ ಹೊಲಿಯುವವನ ಅಂಗಡಿ ಎಲ್ಲಿದೆ ಎಂದು ಹೇಳಿ ಕಳಿಸುತ್ತಿದ್ದೆ. ನನ್ನಿಂದ ಊರಿಗೆ ಆದ ನಿಜವಾದ ಉಪಕಾರ ಅದೊಂದೇ.

ಮದುವೆಯಾಗಿ ಹನ್ನೆರಡು ವರ್ಷವಾದಾಗ ಹೆದ್ದಾರಿ ಅಗಲ ಮಾಡುವವರು ಬಂದರು. ಅಂಗಳದ ಅರ್ಧ ಹೋಗಬೇಕು, ಮೂಲೆಯ ಮರವೂ. ಜೆಸಿಬಿಯವನು ಕಲ್ಲು, ಹೂವು, ಕುಂಕುಮ ನೋಡಿ ಗೇರು ಹಾಕಿ ಹಿಂದೆ ಹೋದ. ಇನ್ನೊಬ್ಬ ಬಂದ, ಯಜಮಾನರು ಹೆಗಲು ತೋರಿಸಿದರು, ಅವನೂ ಹೋದ. ಎರಡೂ ಬದಿ ರಸ್ತೆ ಅಗೆದು ಬಂದು ನಮ್ಮ ಮರದ ಮುಂದೆ ನಿಂತಿತು. ಕೊನೆಗೆ ಹಾಲಾಡಿ ಕಡೆಯ ಮರ ಕಡಿಯುವವನೊಬ್ಬ, ಎರಡು ಸಣ್ಣ ಮಕ್ಕಳ ತಂದೆ, ಜೋಯಿಸರು ಒಪ್ಪಿದರೆ ಕಡಿಯುತ್ತೇನೆ ಎಂದ. ಜೋಯಿಸರು ಮತ್ತೆ ಕವಡೆ ಹಾಕಿದರು. "ಬಿದ್ದವನೇ ಬುಡದಗೆ ನಿಂತ್, ಬಿದ್ದದ್ದನ್ನ ಬಾಯಿ ಬಿಟ್ಟ್ ಹೇಳಿ, ಅಪ್ಪಣೆ ಕೇಣ್ಕ್. ಒಂದ್ ಅಕ್ಷರ ಸುಳ್ಳಾಯ್ರೆ ಕಡುವನಿಗೆ ಅಪಾಯ."

ನಾನು ಇಂಥದ್ದನ್ನು ನಂಬುವವನೂ ಅಲ್ಲ, ನಂಬದವನೂ ಅಲ್ಲ. ಆದರೆ ಆ ಕಡಿಯುವವನು ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಮಕ್ಕಳ ಫೋಟೋ ತೋರಿಸಿದ್ದ. ನಾಳೆ ನನ್ನ ಸುಳ್ಳಿಗೆ ಅವನು ಸತ್ತರೆ? ಅಪ್ಪಯ್ಯನಲ್ಲಿ ಹೇಳಿದೆ. "ಮರದಿಂದ ಬಿದ್ದೆ ಅಂತಲೇ ಹೇಳ್," ಎಂದರು. "ದೇವ್ರಿಗೆ ನಿಜ ಗೊತ್ತಿತ್ತ್, ಊರಿಗೆ ಸುಳ್ಳ್ ಗೊತ್ತಿತ್ತ್. ಇಬ್ರೂ ಸುಖದಗಿದ್ರ್. ಮಧ್ಯ ನಿಂದೆಂತ?"

ಊರ ಮುಂದೆ ಕಿವಿಗೆ ಬೀಳುವ ಮೊದಲು ಹೆಂಡತಿಗೆ ಮನೆಯಲ್ಲೇ ಹೇಳಬೇಕಿತ್ತು. ಹಿಂದಿನ ದಿನ ಮಧ್ಯಾಹ್ನ ಅವಳು ಹಿತ್ತಿಲಲ್ಲಿ ಹುಣಸೆಹುಳಿ ಹಾಕಿ ದೀಪ ತಿಕ್ಕುತ್ತಿದ್ದಳು. ನಾನು ಸ್ಟೂಲ್ ಎಳೆದು ಕೂತು, ಬೊಬ್ಬೆಯೊಂದನ್ನು ಬಿಟ್ಟು, ಇಡ್ಲಿಯಿಂದ ಶುರುಮಾಡಿ ಮೀನಿನ ಟೆಂಪೋದ ತನಕ ಹೇಳಿದೆ. ಕಾಗೆ ಓಡಿಸುವ ಕೋಲಿಗೆ ಬಂದಾಗ ಅವಳು ಬಾಯಿಗೆ ಸೆರಗು ಒತ್ತಿ ನಕ್ಕಳು. ಪುಣ್ಯ, ಸುಲಭದಲ್ಲಿ ಮುಗಿಯಿತು ಎಂದುಕೊಂಡೆ. ನಗು ನಿಂತಿತು.

"ಹಂಗಾರೆ ನೀವ್ ಮರದಿಂದ ಬೀಳ್ಲೇ ಇಲ್ಲೆ?"

"ಇಲ್ಲೆ."

"ಮರದಿಂದ ಬಿದ್ರೆ ಹ್ಯಾಂಗಾತ್ತ್ ಅಂದೇಳಿ ನಿಮ್ಗೆ ಗೊತ್ತೇ ಇಲ್ಲೆ."

"ಇಲ್ಲೆ."

ಅವಳು ದೀಪವನ್ನು ನೀರಿಗೆ ಅದ್ದಿದಳು. "ಹಂಗಾರೆ ಅಪ್ಪಯ್ಯ ಒಬ್ರೇ ಬಿದ್ದದ್ದ್," ಎಂದಳು.

ಹನ್ನೆರಡು ವರ್ಷ ಅವಳು ತನ್ನ ತಂದೆಗೆ ಒಬ್ಬ ಜೊತೆಗಾರ ಇದ್ದಾನೆ ಎಂದುಕೊಂಡಿದ್ದಳು, ಅವನೊಂದಿಗೆ ಸಂಸಾರ ಮಾಡಿದ್ದಳು. ಆ ಜೊತೆಯನ್ನು ನಾನು ಐದು ನಿಮಿಷದಲ್ಲಿ ಕಿತ್ತುಕೊಂಡಿದ್ದೆ. ರಾತ್ರಿ ಗಂಜಿ ಬಡಿಸಿದಳು, ನೋಯುವ ಕಾಲಿಗೆ ಎಂದಿನಂತೆ ಎಣ್ಣೆ ಬಿಸಿ ಮಾಡಿ ಇಟ್ಟಳು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಬೆಳಿಗ್ಗೆ ಊರೆಲ್ಲ ಸೇರಿತ್ತು. ಅವಳು ಹರಿವಾಣ ಹಿಡಿದು ನನ್ನ ಎಡಕ್ಕೆ ನಿಂತಳು, ನನಗೆ ಕಾಣುವ ಬದಿಯಲ್ಲಿ. ನಾನು ಮರಕ್ಕೆ ಕೈಮುಗಿದು ಹೇಳಿದೆ. "ಸ್ವಾಮಿ, ನಾನು ನಿನ್ನಿಂದ ಬಿದ್ದವನಲ್ಲ. ನಿನ್ನನ್ನು ಹತ್ತಿಯೇ ಇಲ್ಲ. ಬೈಂದೂರಿನಲ್ಲಿ ರೆಕ್ಕೆ ಕಟ್ಟಿಕೊಂಡು ಹಾರಿ ಬಿದ್ದೆ. ಇಷ್ಟು ವರ್ಷ ಸುಮ್ಮನೆ ನಿನ್ನ ಹೆಸರು ಹಾಳುಮಾಡಿದೆ." ಒಂದಕ್ಷರವೂ ಬಿಡಬಾರದಲ್ಲ. ಅವಳ ಕಡೆ ನೋಡದೆ ಉಳಿದದ್ದನ್ನೂ ಹೇಳಿದೆ. "ಗೊತ್ತೇ ಆಗಲಿಲ್ಲ ಎಂದು ಹೇಳುತ್ತ ಬಂದದ್ದೂ ಸುಳ್ಳು. ಎಲ್ಲ ಗೊತ್ತಾಯಿತು. ಹೆದರಿ ಅಬ್ಬೀ ಅಂತ ಬೊಬ್ಬೆ ಹೊಡೆದೆ. ನೆಲ ಮುಟ್ಟುವ ತನಕ ಹೊಡೆದೆ."

ಬಲಬದಿ ಮನೆಯ ಯಜಮಾನರು ನಿಟ್ಟುಸಿರು ಬಿಟ್ಟು ಪಕ್ಕದವರಿಗೆ, "ಮಂಡೆಗ್ ಬಿದ್ದ್ ಪೆಟ್ಟ್ ಈಗ ಏಳ್ತಾ ಇತ್ತ್ ಕಾಣಿ" ಎಂದರು. "ಹನ್ನೆರ್ಡ್ ಹದಿನೈದ್ ವರ್ಷ ಕಳ್ದ್ ಮೇಲೆ ಏಳುದಿತ್ತಂಬ್ರ್. ನಾನೇ ಎತ್ತಿದ್ದಲ್ದಾ ಇವನ್ನ!" ಅವರ ತಮ್ಮ ಕಾಲು ಹಿಡಿದದ್ದನ್ನು ನೆನಪಿಸಿದರು. ಯಾರೋ ಮಣಿಪಾಲದಲ್ಲಿ ತಲೆಯ ಸ್ಕ್ಯಾನ್ ಮಾಡಿಸಿ ಎಂದರು. ಜೋಯಿಸರು ಮಾತ್ರ, ಶಕ್ತಿ ಇವನ ಬಾಯಲ್ಲಿ ತಾನೇ ಬಂದು ಮಾತಾಡಿ ಹಾರಿಹೋದದ್ದು, ಹಾರಿದೆ ಎಂದು ಹೇಳಿತಲ್ಲ, ಇನ್ನು ಕಡಿಯಬಹುದು ಎಂದು ಅಪ್ಪಣೆ ಕೊಟ್ಟರು. ಥತ್, ಎಂಥ ಅವಸ್ಥೆ! ಜೀವಮಾನದಲ್ಲಿ ಒಂದು ನಿಜ ಹೇಳಿದ್ದು, ಅದೂ ನನ್ನ ಗಾಯದ ಲೆಕ್ಕಕ್ಕೆ ಹೋಯಿತು.

ಮರ ಯಾರಿಗೂ ಏನೂ ಮಾಡದೆ ಹೇಳಿದ ಬದಿಗೇ ಬಿತ್ತು. ಕಡಿದವನು ಚಾ ಕುಡಿದು ಹೋದ. ಜನ ಚದುರಿದರು. ಅಂಗಳದಲ್ಲಿ ಮಲಗಿದ ಕಾಂಡ ನೆಲಕ್ಕೆ ಕೂರಲಾಗದ ನನಗೆ ತಕ್ಕ ಎತ್ತರದಲ್ಲಿತ್ತು. ಅದರ ಮೇಲೆ ಕೂತೆ. ಅವಳು ಖಾಲಿ ಹರಿವಾಣ ಹಿಡಿದು ಬಂದು ಪಕ್ಕದಲ್ಲಿ, ಮತ್ತೆ ಎಡಕ್ಕೇ, ಕೂತಳು.

"ಬೊಬ್ಬೆ ಹೊಡ್ದದ್ದ್ ಹೌದಾ?" ಎಂದು ಕೇಳಿದಳು.

"ಹೌದ್."

"ತುಂಬ ಹೆದ್ರಿಕಿ ಆಯ್ತಾ?"

"ತುಂಬ ಆಯ್ತ್."

ಅವಳು ಹರಿವಾಣವನ್ನು ಮಡಿಲಲ್ಲಿ ಕವುಚಿಟ್ಟಳು. "ಅಪ್ಪಯ್ಯನೂ ಹೊಡ್ದ್ರ್," ಎಂದಳು. "ನನ್ ಹೆಸ್ರ್ ಹಿಡ್ದ್. ನಾನ್ ಬಾವಿಕಟ್ಟೆ ಹತ್ರ ಇದ್ದಿದ್ದೆ. ಯಾರಿಗೂ ಹೇಳ್ಲಿಲ್ಲೆ ನಾನ್ ಇದನ್ನ. ಎಂತಕೋ ಕೆಲ್ಸಕ್ ಕರಿತ್ರ್ ಅಂದ್ಕಂಡೆ. ಕೂಡ್ಲೇ ಹೋಯ್ಲಿಲ್ಲೆ. ಕೊಡಪಾನ ತುಂಬ್ಸಿಯೇ ಹೋದೆ."